ಕಂಡ ಆನೆ, ಕಾಣದ ಆನೆ

ಬೆಳಗಿನ ಆರು ಗಂಟೆಗೆ ಇನ್ನೂ ಐದು ನಿಮಿಷ ಇದೆ. ನಾಗರಹೊಳೆಯ ಡಿ.ಬಿ. ಕುಪ್ಪೆ ವಲಯ. ಜೀಪು ನಿಮ್ಮನ್ನು ಇಳಿಸಿ ಹೋಗಿದೆ. ಅದರ ಸದ್ದು ತಿರುವಿನಾಚೆ ಅಡಗುತ್ತಿದ್ದಂತೆ ಕುಟುರ ಹಕ್ಕಿಗಳು ಮತ್ತೆ ಶುರುಹಚ್ಚಿಕೊಂಡಿವೆ. ಎದುರಿಗೆ ಮತ್ತಿ, ತೇಗ, ಹೊನ್ನೆ. ಅವುಗಳ ಕೆಳಗೆ ತಲೆಮಟ್ಟ ಬೆಳೆದ ಲಂಟಾನ. ಜೊತೆಗಿರುವವರು ಇಬ್ಬರು. ಒಬ್ಬ ವಿಜಯಪುರದ ಕಡೆಯ ಹುಡುಗ, ಗಾರ್ಡ್ ಕೆಲಸ ಸಿಕ್ಕಿ ಈ ಕಾಡಿಗೆ ಬಂದವನು. ಇನ್ನೊಬ್ಬರು ವಾಚರ್, ಜೇನು ಕುರುಬರ ಹಾಡಿಯವರು, ಇಲ್ಲೇ ಹುಟ್ಟಿ ಬೆಳೆದವರು. ಹುಡುಗನ ಕುತ್ತಿಗೆಯಲ್ಲಿ ಜಿಪಿಎಸ್, ಕೈಯಲ್ಲಿ ನಮೂನೆ ಹಾಳೆ. ವಾಚರ್ ಕೈಯಲ್ಲಿ ಒಂದು ಮಚ್ಚು, ಅಷ್ಟೆ.

2023ರ ಮೇ 17, ಬುಧವಾರ. ಇವತ್ತಿನಿಂದ ಮೂರು ದಿನ ಕರ್ನಾಟಕದಲ್ಲಿ ಕಾಡಾನೆಗಳ ಎಣಿಕೆ.

“ಇವತ್ತ ಬ್ಲಾಕ್, ನಾಳೆ ಲೈನ್, ನಾಡದ ನೀರಿನ ದಂಡಿ ಮ್ಯಾಲ ಕುಂಡ್ರೂದು ನೋಡ್ರಿ” ಎಂದು ಗಾರ್ಡ್ ಮೂರೂ ದಿನದ ಕೆಲಸವನ್ನು ಒಂದೇ ಉಸಿರಿಗೆ ಮುಗಿಸುತ್ತಾನೆ.

ಬ್ಲಾಕ್ ಅಂದರೆ ನಕಾಶೆಯ ಮೇಲೆ ಗುರುತು ಹಾಕಿದ, ಸುಮಾರು ಐದು ಚದರ ಕಿಲೋಮೀಟರಿನ ಕಾಡಿನ ತುಂಡು. ಬೇಲಿ ಇಲ್ಲ. ಒಂದು ಕಡೆ ಹಳ್ಳ, ಒಂದು ಕಡೆ ಬೆಂಕಿ ರೇಖೆ, ಇನ್ನೊಂದು ಕಡೆ ನೀವು ಇಳಿದ ಜೀಪ್ ರಸ್ತೆ. ಅದರೊಳಗೆ ಮೂಲೆಯೂ ಬಿಡದಂತೆ ಸುತ್ತಿ, ಕಣ್ಣಿಗೆ ಬಿದ್ದ ಪ್ರತಿ ಆನೆಯನ್ನೂ ಬರೆಯಬೇಕು. ಹೆಚ್ಚುಕಮ್ಮಿ ಹದಿನೈದು ಕಿಲೋಮೀಟರ್ ನಡಿಗೆ. ಇದೇ ಹೊತ್ತಿಗೆ ಪಕ್ಕದ ಬ್ಲಾಕಿನಲ್ಲಿ ಇನ್ನೊಂದು ತಂಡ, ಹೊಳೆಯಾಚೆ ಬಂಡೀಪುರದಲ್ಲಿ ಮತ್ತೊಂದು. ವಯನಾಡು, ಮುದುಮಲೆಗಳಲ್ಲೂ ಅದೇ ಮೂರು ದಿನ ಅದೇ ಕೆಲಸ. ಬೆಳಿಗ್ಗೆ ಕರ್ನಾಟಕದಲ್ಲಿ ಬಿದಿರು ಮುರಿದ ಆನೆ ಮಧ್ಯಾಹ್ನ ಕಬಿನಿ ದಾಟಿ ಕೇರಳಕ್ಕೆ ಹೋದರೆ ಅದಕ್ಕೆ ರಾಜ್ಯದ ಗಡಿ ಅಡ್ಡ ಬರುವುದಿಲ್ಲ. ಎಲ್ಲರೂ ಒಟ್ಟಿಗೆ ಎಣಿಸದಿದ್ದರೆ ಎರಡೂ ಕಡೆಯವರು ಅದನ್ನು ತಮ್ಮದೆಂದು ಬರೆದುಕೊಳ್ಳುತ್ತಾರೆ.

ಮೊದಲ ಎರಡು ಗಂಟೆ ಬರೀ ಕುರುಹು. ಸಿಪ್ಪೆ ಸುಲಿದ ತೇಗದ ಕೊಂಬೆ. ಮೈ ಉಜ್ಜಿದ ಮರದ ಕಾಂಡಕ್ಕೆ ಮೆತ್ತಿದ ಕೆಮ್ಮಣ್ಣು, ನಿಮ್ಮ ತಲೆಗಿಂತ ಎರಡು ಅಡಿ ಮೇಲೆ. ವಾಚರ್ ಅದನ್ನು ಬೆರಳಿನಿಂದ ಕೆರೆದು ನೋಡುತ್ತಾರೆ. ಮಣ್ಣು ಪುಡಿಯಾಗಿ ಉದುರುತ್ತದೆ. “ನಿನ್ನೇದು” ಎನ್ನುತ್ತಾರೆ, ಮುಂದೆ ನಡೆಯುತ್ತಾರೆ.

ಹಳ್ಳಕ್ಕೆ ಇಳಿಯುವ ಇಳಿಜಾರಿನಲ್ಲಿ ಅವರು ತಟ್ಟನೆ ಕೈ ಹಿಂದಕ್ಕೆ ಮಾಡಿ ನಿಲ್ಲುತ್ತಾರೆ. ನಿಮಗೆ ಏನೂ ಕಾಣುವುದಿಲ್ಲ. ಒಂದು ಗಳಿಗೆ ಕಳೆದ ಮೇಲೆ ಲಂಟಾನದ ಪೊದೆಯೊಳಗಿಂದ ಗುಡುಗುಡು ಎಂಬ ಸದ್ದು ಬರುತ್ತದೆ. ಕಿವಿಗಿಂತ ಎದೆಗೆ ಮೊದಲು ತಾಗುವ ಸದ್ದು. ಪೊದೆಯ ಮೇಲೆ ಒಂದು ಬೂದು ಬೆನ್ನು ಏಳುತ್ತದೆ, ಪಕ್ಕದಲ್ಲೇ ಇನ್ನೊಂದು. ಒಂದು ಸೊಂಡಿಲು ಮೇಲೆದ್ದು ಗಾಳಿಯಲ್ಲಿ ತಿರುಗಿ ಇಳಿಯುತ್ತದೆ. ಗಾಳಿ ನಿಮ್ಮ ಮುಖಕ್ಕೆ ಬೀಸುತ್ತಿರುವುದು ಪುಣ್ಯ.

ಗಾರ್ಡ್ ಬೆರಳು ಮಡಿಚುತ್ತಾನೆ: ಒಂದು, ಎರಡು, ಮೂರು, ನಾಲ್ಕು. ವಾಚರ್ ತಲೆ ಅಲ್ಲಾಡಿಸುತ್ತಾರೆ. “ಏಳೈತೆ ಸಾ. ಮರಿ ಕೂಡ ಐತೆ. ಸೊಪ್ಪು ಅಲ್ಲಾಡದ್ ನೋಡಿ.”

“ಕಂಡದ್ದ ಎಷ್ಟಣ್ಣ?”

“ಕಂಡದ್ದು ನಾಕೇ.”

ಹಾಳೆಯಲ್ಲಿ ನಾಲ್ಕು ಎಂದೇ ಬೀಳುತ್ತದೆ. ಇಲ್ಲಿನ ಕಟ್ಟುನಿಟ್ಟು ಅದು: ಕಾಣದ್ದನ್ನು ಬರೆಯುವಂತಿಲ್ಲ. ವಾಚರ್ ಹೇಳಿದ ಏಳೇ ನಿಜವಿರಬಹುದು. ಆದರೆ ಒಂದು ತಂಡ ಎಲೆ ಅಲ್ಲಾಡಿದ್ದನ್ನೂ ಸೇರಿಸಿ, ಇನ್ನೊಂದು ತಂಡ ಕಣ್ಣಾರೆ ಕಂಡದ್ದನ್ನಷ್ಟೇ ಬರೆದರೆ, ಎರಡನ್ನೂ ಕೂಡಿಸಿ ಬರುವ ಮೊತ್ತಕ್ಕೆ ಅರ್ಥವಿರುವುದಿಲ್ಲ. ಕಾಣದ ಮೂರು ಆನೆಗಳನ್ನು ಲೆಕ್ಕಕ್ಕೆ ತರುವುದು ಆಗಬೇಕಾದ ಕೆಲಸವೇ. ಅದನ್ನು ಒಬ್ಬೊಬ್ಬರ ಊಹೆಗೆ ಬಿಡುವಂತಿಲ್ಲ.

ಸಂಜೆ ಆರಕ್ಕೆ ರಸ್ತೆಗೆ ಬಂದಾಗ ಪಕ್ಕದ ಬ್ಲಾಕಿನವರು ಕಲ್ಲಿನ ಮೇಲೆ ಕುಳಿತು ಶೂ ಬಿಚ್ಚುತ್ತಿರುತ್ತಾರೆ. ಮುಖ ಸಪ್ಪಗಿದೆ. ದಿನವಿಡೀ ನಡೆದರೂ ಒಂದೇ ಒಂದು ಆನೆ ಇಲ್ಲ. “ನಮ್ದು ಸೊನ್ನೆ” ಎನ್ನುವಾಗ ಅವರಿಗೆ ಪರೀಕ್ಷೆಯಲ್ಲಿ ನಪಾಸಾದಷ್ಟು ಸಂಕೋಚ. ಆ ಸೊನ್ನೆಯೂ ಹಾಳೆಯಲ್ಲಿ ಇರಲೇಬೇಕು. ಕಾಡಿನ ಎಲ್ಲ ತುಂಡುಗಳನ್ನೂ ಯಾರೂ ಸುತ್ತಿಲ್ಲ. ಆಯ್ದ ಬ್ಲಾಕುಗಳಲ್ಲಿ ಚದರ ಕಿಲೋಮೀಟರಿಗೆ ಸರಾಸರಿ ಎಷ್ಟು ಆನೆ ಸಿಕ್ಕವೋ ಅದನ್ನು ಇಡೀ ಕಾಡಿಗೆ ಹಿಗ್ಗಿಸುತ್ತಾರೆ. ಆನೆ ಕಂಡ ಬ್ಲಾಕುಗಳನ್ನಷ್ಟೇ ಇಟ್ಟುಕೊಂಡು ಸೊನ್ನೆಗಳನ್ನು ಕೈಬಿಟ್ಟರೆ ಸರಾಸರಿ ಉಬ್ಬುತ್ತದೆ, ಅದರ ಬೆನ್ನಿಗೆ ಇಡೀ ರಾಜ್ಯದ ಲೆಕ್ಕವೂ.

*

ಎರಡನೇ ದಿನ ನಡಿಗೆ ಎರಡೇ ಕಿಲೋಮೀಟರ್. ನಿನ್ನೆಯ ಹದಿನೈದರ ಮುಂದೆ ಇದೇನು ಮಹಾ ಎನಿಸುತ್ತದೆ, ಮೊದಲ ನೂರು ಮೀಟರ್ ಮುಗಿಯುವವರೆಗೆ.

ಕಾಡಿನ ನಡುವೆ ನೇರಕ್ಕೆ ಒಂದು ಕಿರುದಾರಿ ಸವರಿದ್ದಾರೆ. ಗುಡ್ಡ ಬಂದರೂ ಹಳ್ಳ ಬಂದರೂ ಅದು ಬಳಸಿ ಹೋಗುವುದಿಲ್ಲ. ಇದೇ ಟ್ರಾನ್ಸೆಕ್ಟ್ ಲೈನ್. ಪ್ರಾಣಿಗಳು ಓಡಾಡುವ ದಾರಿಯಲ್ಲೋ ಜೀಪ್ ರಸ್ತೆಯಲ್ಲೋ ನಡೆದರೆ ಕೆಲಸ ಸಲೀಸು. ಆದರೆ ಆನೆಗೂ ಸಲೀಸು ದಾರಿಯೇ ಇಷ್ಟ. ಅಲ್ಲಿ ಲದ್ದಿ ಹೆಚ್ಚು ಬಿದ್ದಿರುತ್ತದೆ, ಲೆಕ್ಕ ತಪ್ಪುತ್ತದೆ. ಕಾಡಿನ ಸರಾಸರಿ ಬೇಕಿದ್ದರೆ ಆನೆಯ ಇಷ್ಟವನ್ನೂ ನಿಮ್ಮ ಇಷ್ಟವನ್ನೂ ಬದಿಗಿಟ್ಟು ಗೆರೆ ಹೋದ ಕಡೆ ಹೋಗಬೇಕು.

ಇವತ್ತು ಹುಡುಕುತ್ತಿರುವುದು ಆನೆಯನ್ನಲ್ಲ, ಲದ್ದಿಯನ್ನು. ವಾಚರ್ ಎಡಕ್ಕೆ, ಗಾರ್ಡ್ ಬಲಕ್ಕೆ ಕಣ್ಣಾಡಿಸುತ್ತ ಹೆಜ್ಜೆ ಹೆಜ್ಜೆಗೂ ನಿಲ್ಲುತ್ತಾರೆ. “ಇಲ್ಲೊಂದು” ಎಂದು ವಾಚರ್ ಒಣಗಿದ ತೇಗದೆಲೆ ಸರಿಸುತ್ತಾರೆ. ಉಂಡೆಗಳು ಒಡೆದಿವೆ, ಸಗಣಿ ಹುಳುಗಳು ಒಳಗಿನದನ್ನೆಲ್ಲ ಹೊತ್ತೊಯ್ದಿವೆ, ಉಳಿದಿರುವುದು ನಾರು. ನಾರಿನ ನಡುವೆ ಒಂದು ಸಸಿಯೂ ಎದ್ದಿದೆ. ಗಾರ್ಡ್ ಗೆರೆಯ ಮೇಲೆ ನಿಂತು ಟೇಪಿನ ತುದಿ ಹಿಡಿಯುತ್ತಾನೆ, ವಾಚರ್ ಇನ್ನೊಂದು ತುದಿಯನ್ನು ಲದ್ದಿಯ ನಡುಮಧ್ಯಕ್ಕೆ ಎಳೆಯುತ್ತಾರೆ. ಗೆರೆಗೆ ಲಂಬವಾಗಿ ಅಳತೆ. ಎರಡು ಮೀಟರ್ ಮೂವತ್ತು ಸೆಂಟಿಮೀಟರ್. ಬರೆದದ್ದಾಯಿತು. ಉಂಡೆಗಳು ಇಡಿಯಾಗಿವೆಯೇ, ಅರ್ಧ ಒಡೆದಿವೆಯೇ, ಪೂರ್ತಿ ಹರಡಿವೆಯೇ ಎಂದೂ ಒಂದು ಗುರುತು.

ಗೆರೆಯಿಂದ ದೂರ ಅಳೆಯುವುದೇಕೆ? ಕಂಡದ್ದನ್ನು ಎಣಿಸಿದರೆ ಸಾಲದೆ?

ನಿನ್ನೆ ಲಂಟಾನದೊಳಗೆ ಉಳಿದುಹೋದ ಮೂರು ಆನೆಗಳ ಪ್ರಶ್ನೆಗೆ ಉತ್ತರ ಈ ಟೇಪಿನಲ್ಲಿದೆ. ಹೀಗೆಂದುಕೊಳ್ಳಿ: ಎಲ್ಲ ಲೈನುಗಳಲ್ಲೂ ಸೇರಿ, ಗೆರೆಯಿಂದ ಒಂದು ಮೀಟರಿನೊಳಗೆ 20 ಲದ್ದಿ ಸಿಕ್ಕವು, ಒಂದರಿಂದ ಎರಡು ಮೀಟರಿನೊಳಗೆ 15, ಎರಡರಿಂದ ಮೂರರೊಳಗೆ ಎಂಟು. ಆನೆಗೆ ನಿಮ್ಮ ಗೆರೆಯ ಪರಿವೆಯೇ ಇಲ್ಲ. ಅದು ಗೆರೆಯ ಪಕ್ಕದಲ್ಲಿ ಹೆಚ್ಚು, ದೂರದಲ್ಲಿ ಕಡಿಮೆ ಲದ್ದಿ ಹಾಕಿರಲಾರದು. ಹಾಗಿದ್ದರೆ ಮೂರು ಪಟ್ಟಿಯಲ್ಲೂ ಸರಿಸುಮಾರು ಇಪ್ಪತ್ತಿಪ್ಪತ್ತು ಇರಬೇಕಿತ್ತು, ಒಟ್ಟು ಅರವತ್ತು. ಸಿಕ್ಕಿದ್ದು 43. ಉಳಿದ ಹದಿನೇಳು ಸೊಪ್ಪಿನ ಮರೆಯಲ್ಲಿ ನಿಮ್ಮ ಕಣ್ತಪ್ಪಿಸಿವೆ. ದೂರ ಹೆಚ್ಚಿದಂತೆ ಕಣ್ಣು ಎಷ್ಟು ಸೋಲುತ್ತದೆ ಎಂಬುದನ್ನು ಕಂಡ ಲದ್ದಿಗಳೇ ಹೇಳಿಕೊಟ್ಟಂತಾಯಿತು. ಇದಕ್ಕೊಂದು ಷರತ್ತಿದೆ: ಗೆರೆಯ ಮೇಲೇ ಬಿದ್ದದ್ದನ್ನು ಒಂದನ್ನೂ ಬಿಡಬಾರದು. ಹಾಗಾಗಿಯೇ ಈ ಇಬ್ಬರು ಕಾಲಬುಡದ ಎಲೆಯನ್ನೂ ತಿರುವಿ ಹಾಕುತ್ತಿರುವುದು. ಇದೇ ಉಪಾಯದಲ್ಲಿ, ಬೇರೆ ದಿನಗಳಲ್ಲಿ, ಇಂಥ ಲೈನುಗಳಲ್ಲಿ ಜಿಂಕೆ, ಕಡವೆ, ಕಾಟಿಗಳನ್ನೂ ಎಣಿಸುತ್ತಾರೆ. ಆಗ ಟೇಪಿನ ಬದಲು ದೂರ ಅಳೆಯುವ ಲೇಸರ್ ಉಪಕರಣ ಮತ್ತು ದಿಕ್ಸೂಚಿ.

ಲದ್ದಿಯ ಲೆಕ್ಕವನ್ನು ಆನೆಯ ಲೆಕ್ಕವಾಗಿ ತಿರುಗಿಸುವುದು ಎರಡನೇ ಹಂತ. ಮದುವೆ ಮನೆಯಲ್ಲಿ ಅಡುಗೆ ಗುತ್ತಿಗೆಯವರು ಉಂಡ ಎಲೆ ಎಣಿಸಿ ಎಷ್ಟು ಜನ ಉಂಡರು ಎಂದು ಹೇಳುವ ಹಾಗೆಯೇ ಇದು. ಒಬ್ಬೊಬ್ಬರು ಎಷ್ಟು ಎಲೆ ಖರ್ಚು ಮಾಡುತ್ತಾರೆ, ಎತ್ತಿ ಬಿಸಾಡುವವರು ಎಷ್ಟು ಹೊತ್ತಿಗೊಮ್ಮೆ ಬರುತ್ತಾರೆ ಎಂಬುದು ಗೊತ್ತಿದ್ದರೆ ಸಾಕು. ಆನೆ ದಿನಕ್ಕೆ ಸುಮಾರು 16 ಬಾರಿ ಲದ್ದಿ ಹಾಕುತ್ತದೆ. ಒಂದು ಲದ್ದಿ ಗುರುತು ಸಿಗದಂತೆ ಮಣ್ಣಾಗಲು ನೂರು ದಿನ ಹಿಡಿಯುತ್ತದೆ ಎಂದುಕೊಂಡರೆ, ಕಾಡಿನಲ್ಲಿ ಯಾವ ಹೊತ್ತಿಗೆ ಹುಡುಕಿದರೂ ಒಂದು ಆನೆಯ ಹೆಸರಿನಲ್ಲಿ 1600 ಲದ್ದಿ ಬಿದ್ದಿರಬೇಕು. ಚದರ ಕಿಲೋಮೀಟರಿಗೆ 1500 ಲದ್ದಿ ಇದೆ ಎಂದು ಲೆಕ್ಕ ಬಂದರೆ, ಆನೆ ಒಂದಕ್ಕಿಂತ ತುಸು ಕಡಿಮೆ.

ಕೇಳಲು ಸರಳ. ಆದರೆ ಆ ನೂರು ದಿನ ಎಲ್ಲ ಕಡೆಗೂ ಒಂದೇ ಅಲ್ಲ. ಮಳೆ ಜೋರಾದರೆ, ಸಗಣಿ ಹುಳು ಹೆಚ್ಚಿದ್ದರೆ ಲದ್ದಿ ಬೇಗ ಕರಗುತ್ತದೆ. ಬಿಸಿಲಿಗೆ ಸಿಕ್ಕು ಗಟ್ಟಿಯಾದರೆ ತಿಂಗಳುಗಟ್ಟಲೆ ಉಳಿಯುತ್ತದೆ. ಐವತ್ತೇ ದಿನಕ್ಕೆ ಕರಗುವ ಕಾಡಿನಲ್ಲಿ ನೂರರ ಲೆಕ್ಕ ಹಿಡಿದರೆ ಇರುವ ಆನೆಗಳಲ್ಲಿ ಅರ್ಧ ಕಾಗದದಿಂದ ಮಾಯ. ಹಾಗಾಗಿ ಲದ್ದಿ ಎಣಿಸುವ ಮೊದಲೇ ಆಯಾ ಕಾಡಿನಲ್ಲಿ ಹಸಿ ಲದ್ದಿಗೆ ಗುರುತು ಹಾಕಿ, ಮತ್ತೆ ಮತ್ತೆ ಹೋಗಿ, ಅದು ಯಾವತ್ತು ಅಳಿಯಿತು ಎಂದು ನೋಡುವ ಕೆಲಸವೊಂದಿದೆ. ಅದರ ಚಿತ್ರ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ.

ಎರಡು ಕಿಲೋಮೀಟರ್ ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿದೆ, ಜೀರುಂಡೆಗಳ ಸದ್ದಿಗೆ ಕಿವಿ ಗುಂಯ್ ಎನ್ನುತ್ತಿದೆ. ವಾಚರ್ ಪ್ಯಾಂಟಿನ ಅಂಚು ಮಡಿಚಿ ಉಣ್ಣಿ ಕೀಳುತ್ತಾರೆ. ನಿಮ್ಮ ಕಾಲಿನ ಮೇಲೂ ಇವೆ, ನಿಮಗೆ ಗೊತ್ತಾಗುವುದು ರಾತ್ರಿಗೆ.

*

ರಾತ್ರಿ ಕಳ್ಳಬೇಟೆ ತಡೆ ಕ್ಯಾಂಪಿನಲ್ಲಿ ವಾಸ. ಸುತ್ತ ಆನೆ ಕಂದಕ, ದಾಟಲು ತೆಗೆದಿಡಬಹುದಾದ ಹಲಗೆ. ಸೋಲಾರ್ ದೀಪದಡಿ ಮುದ್ದೆ, ಹುರುಳಿ ಸಾರು. ಹೊರಗೆ ಎಲ್ಲೋ ಕಡವೆ ಕೂಗುತ್ತದೆ, ಒಮ್ಮೆ, ಮತ್ತೊಮ್ಮೆ. ತಟ್ಟೆಗಳು ನಿಲ್ಲುತ್ತವೆ. “ಹುಲಿ ಓಡಾಡ್ತಾ ಅದೆ” ಎಂದು ನಿವೃತ್ತಿಗೆ ಹತ್ತಿರದ ಫಾರೆಸ್ಟರ್ ಹೇಳುತ್ತಾರೆ. ಮಾತು ಆನೆಯಿಂದ ಹುಲಿಗೆ ಹೊರಳುತ್ತದೆ.

ಅವರು ಕೆಲಸಕ್ಕೆ ಸೇರಿದ ಕಾಲದಲ್ಲಿ ಹುಲಿ ಗಣತಿ ಅಂದರೆ ಗಾಜಿನ ಹಲಗೆ ಹೊತ್ತು ನಡೆಯುವುದು. ದಾರಿಯ ಧೂಳಿನಲ್ಲಿ ಹುಲಿಯ ಹಿಂಗಾಲಿನ ಹೆಜ್ಜೆ ಕಂಡರೆ ಅದರ ಮೇಲೆ ಗಾಜಿಟ್ಟು, ಅಂಚು ಬರೆದುಕೊಂಡು, ಕಾಗದಕ್ಕೆ ಇಳಿಸಿಕೊಳ್ಳುವುದು. ಪ್ಲಾಸ್ಟರ್ ಆಫ್ ಪ್ಯಾರಿಸ್ ಎರೆದು ಅಚ್ಚು ತೆಗೆಯುವುದು. ಚೌಕವಾಗಿದ್ದರೆ ಗಂಡು, ಉದ್ದವಾಗಿದ್ದರೆ ಹೆಣ್ಣು. ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧುರಿ 1960ರ ದಶಕದಲ್ಲಿ ರೂಪಿಸಿದ ಈ ವಿಧಾನ ಸುಮಾರು ನಾಲ್ಕು ದಶಕ ದೇಶವನ್ನು ಆಳಿತು. ಅದರ ತಳಪಾಯ ಎರಡು ನಂಬಿಕೆಗಳು: ಪ್ರತಿ ಹುಲಿಯ ಹೆಜ್ಜೆಯೂ ಬೇರೆ, ಮತ್ತು ಪ್ರತಿ ಹುಲಿಯ ಹೆಜ್ಜೆಯೂ ನಮಗೆ ಸಿಕ್ಕೇ ಸಿಗುತ್ತದೆ.

“ಒಂದೇ ಹುಲಿ ಕಣ್ರೀ, ಕೆಸರಲ್ಲಿ ಒಂದು ಥರ, ಧೂಳಲ್ಲಿ ಇನ್ನೊಂದು ಥರ. ಓಡ್ದಾಗ ಒಂದು, ನಡ್ದಾಗ ಒಂದು” ಎನ್ನುತ್ತ ಫಾರೆಸ್ಟರ್ ತಟ್ಟೆಯ ಸಾರಿನಲ್ಲೇ ಬೆರಳಿಟ್ಟು ತೋರಿಸುತ್ತಾರೆ.

ಅದನ್ನೇ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದಲ್ಲಿ ಪರೀಕ್ಷಿಸಿ ನೋಡಿದ್ದರು. ಸಾಕಿದ ನಾಲ್ಕು ಹುಲಿಗಳ ಹೆಜ್ಜೆಗುರುತುಗಳನ್ನು ಬೇರೆ ಬೇರೆ ಕಡೆ ತೆಗೆದು, ಕಲಸಿ, ಪಳಗಿದವರ ಮುಂದಿಟ್ಟರು. ಎಲ್ಲರ ಎಣಿಕೆಯೂ ನಾಲ್ಕನ್ನು ಮೀರಿತು. ಆದರೂ ಗಾಜಿನ ಹಲಗೆ ನಿಲ್ಲಲಿಲ್ಲ. ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಹುಲಿಗಳಿದ್ದವು. 2005ರಲ್ಲಿ ಹುಡುಕಿದಾಗ ಕಾಡಿನಲ್ಲಿ ಒಂದೂ ಇರಲಿಲ್ಲ. ಆಮೇಲಷ್ಟೇ ಸರ್ಕಾರ ಆ ವಿಧಾನ ಕೈಬಿಟ್ಟಿದ್ದು. 2001–02ರಲ್ಲಿ ಹೆಜ್ಜೆ ಲೆಕ್ಕದಲ್ಲಿ ದೇಶದ ಹುಲಿ 3642. ಹೊಸ ವಿಧಾನದಲ್ಲಿ, 2006ರ ಅಂದಾಜಿನಲ್ಲಿ 1411. ನಡುವಿನ 2231 ಹುಲಿ ಸತ್ತವೆಂದು ಹೇಳುವಂತಿಲ್ಲ, ಅವು ಇದ್ದವೆಂದೂ ಹೇಳುವಂತಿಲ್ಲ. ಎರಡು ಬೇರೆ ಅಳತೆಗೋಲುಗಳ ಅಂಕಿಯನ್ನು ಒಂದರಿಂದ ಒಂದು ಕಳೆದರೆ ಬರುವುದು ಇಂಥ ಗೊಂದಲವೇ.

ಮರುದಿನ ನಸುಕಿನಲ್ಲಿ ಕಬಿನಿ ಹಿನ್ನೀರಿಗೆ ಹೊರಡುವ ಮೊದಲು ಫಾರೆಸ್ಟರ್ ನಿಮ್ಮನ್ನು ಕ್ಯಾಂಪಿನ ಹಿಂದಿನ ಜೀಪ್ ದಾರಿಗೆ ಕರೆದೊಯ್ಯುತ್ತಾರೆ. ದಾರಿಯ ಆಚೆ ಈಚೆ ಎದುರುಬದುರಾಗಿ ಎರಡು ಕಂಬ, ಮೊಣಕಾಲೆತ್ತರದಲ್ಲಿ ಎರಡು ಕ್ಯಾಮೆರಾ, ಆನೆ ಕಿತ್ತೆಸೆಯದಿರಲೆಂದು ಕಬ್ಬಿಣದ ಗೂಡು. ಹುಲಿಯ ಎಡಮೈ ಪಟ್ಟೆ ಬಲಮೈ ಪಟ್ಟೆಗೆ ಹೊಂದುವುದಿಲ್ಲ. ಒಂದೇ ಮಗ್ಗುಲಿನ ಚಿತ್ರವಿದ್ದರೆ ಒಂದೇ ಹುಲಿ ಎರಡಾಗಿಬಿಡಬಹುದು. ಅದಕ್ಕೇ ಜೋಡಿ. “ಸೆನ್ಸರ್ ನೋಡ್ಬೇಕಲ್ಲ” ಎಂದು ಗಾರ್ಡ್ ಹುಡುಗ ನಾಚಿಕೆ ಬಿಟ್ಟು ನಾಲ್ಕು ಕಾಲಿನ ಮೇಲಾಗಿ ದಾರಿಯಲ್ಲಿ ಅಂಬೆಗಾಲಿಡುತ್ತಾನೆ. ಎರಡೂ ಕಡೆ ಕೆಂಪು ದೀಪ ಮಿಣುಕುತ್ತದೆ. ಹುಲಿಯ ಎತ್ತರಕ್ಕೆ ಕ್ಯಾಮೆರಾ ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉಪಾಯವನ್ನು ಯಾರೂ ಕಂಡುಹಿಡಿದಿಲ್ಲ.

1990ರ ದಶಕದ ಆರಂಭದಲ್ಲಿ ಇದೇ ನಾಗರಹೊಳೆಯಲ್ಲಿ ಕಾರಂತರು ಕ್ಯಾಮೆರಾ ಚಿತ್ರಗಳಿಂದ ಹುಲಿಗಳ ಸಂಖ್ಯೆ ಅಂದಾಜು ಮಾಡುವ ಕ್ರಮವನ್ನು ಹೂಡಿದರು. 1995ರಲ್ಲಿ ಅದು ಪ್ರಕಟವಾಯಿತು. ಮುಂದೆ ಅಮೆರಿಕದ ಸಂಖ್ಯಾತಜ್ಞ ಜೇಮ್ಸ್ ನಿಕೋಲ್ಸ್ ಜೊತೆಗೂಡಿ ಅದನ್ನು ಬಲಪಡಿಸಿದರು. ಲೆಕ್ಕದ ಬೇರು ಹಳೆಯದು. 19ನೇ ಶತಮಾನದ ಕೊನೆಗೆ ಡೆನ್ಮಾರ್ಕಿನ ಪೀಟರ್ಸನ್ ಮೀನುಗಳಿಗೆ, 1930ರಲ್ಲಿ ಅಮೆರಿಕದ ಲಿಂಕನ್ ಬಾತುಗಳಿಗೆ ಇದನ್ನೇ ಬಳಸಿದ್ದರು. ಒಂದು ಸುತ್ತಿನಲ್ಲಿ 20 ಹುಲಿ ಕ್ಯಾಮೆರಾಕ್ಕೆ ಸಿಕ್ಕವು ಎನ್ನಿ. ಎರಡನೇ ಸುತ್ತಿನಲ್ಲಿ 25 ಸಿಕ್ಕವು, ಅವುಗಳಲ್ಲಿ ಹತ್ತು ಹಳೆಯ ಮುಖಗಳು. ಇಪ್ಪತ್ತೈದರಲ್ಲಿ ಹತ್ತು, ಅಂದರೆ ಐದರಲ್ಲಿ ಎರಡು ಪಾಲು ನಾವು ಮೊದಲೇ ಕಂಡವು. ಹಾಗಿದ್ದರೆ ಮೊದಲು ಕಂಡ 20 ಇಡೀ ಕಾಡಿನ ಹುಲಿಗಳಲ್ಲಿ ಐದರಲ್ಲಿ ಎರಡು ಪಾಲಿರಬೇಕು; ಒಟ್ಟು 50. ಹಳೆಯವೇ ಮತ್ತೆ ಮತ್ತೆ ಬಂದರೆ ಕಾಡಿನಲ್ಲಿ ಉಳಿದವು ಕಡಿಮೆ. ಪ್ರತಿ ಸಲವೂ ಹೊಸಬರು ಬಂದರೆ ಕಾಣದವು ಇನ್ನೂ ಬಹಳ.

ಈಗಿನ ಲೆಕ್ಕ ಇದಕ್ಕಿಂತ ಸೂಕ್ಷ್ಮ. ಗಂಡು ಹುಲಿ ಹೆಚ್ಚು ಅಲೆಯುತ್ತದೆ, ಹೆಚ್ಚು ಕ್ಯಾಮೆರಾಕ್ಕೆ ಬೀಳುತ್ತದೆ. ಗಡಿಯಂಚಿನ ಹುಲಿಯ ಅರ್ಧ ಸಂಸಾರ ಪಕ್ಕದ ಕಾಡಿನಲ್ಲಿರುತ್ತದೆ. ಯಾವ ಹುಲಿ ಯಾವ ಯಾವ ಕ್ಯಾಮೆರಾದ ಮುಂದೆ ಹಾದಿತು ಎಂಬುದರಿಂದ ಅದರ ನೆಲೆಯ ನಡುವೆಲ್ಲಿ ಎಂದು ಅಂದಾಜಿಸಿ, ಇವನ್ನೆಲ್ಲ ಸರಿದೂಗಿಸುತ್ತಾರೆ. ಹುಟ್ಟುಸಾವು, ವಲಸೆಗಳು ಲೆಕ್ಕ ಕೆಡಿಸದಿರಲೆಂದು ಕೆಲವೇ ವಾರಗಳಲ್ಲಿ ಎಲ್ಲ ಮುಗಿಸುತ್ತಾರೆ. 2022ರಲ್ಲಿ ದೇಶದಾದ್ಯಂತ ಹೀಗೆ ಚಿತ್ರಕ್ಕೆ ಸಿಕ್ಕ ಬೇರೆ ಬೇರೆ ಹುಲಿಗಳು 3080. ಒಟ್ಟು ಅಂದಾಜು 3682. ಆರುನೂರು ಹುಲಿ ಯಾವ ಕ್ಯಾಮೆರಾಕ್ಕೂ ಬೀಳದೆ ಲೆಕ್ಕಕ್ಕೆ ಬಂದವು.

*

ಮೂರನೇ ದಿನ ಕೂರುವ ದಿನ.

ಬೀಚನಹಳ್ಳಿಯಲ್ಲಿ ಕಬಿನಿಗೆ ಅಣೆಕಟ್ಟು ಕಟ್ಟಿದ್ದು 1974ರಲ್ಲಿ. ಬೇಸಿಗೆಯಲ್ಲಿ ಹಿನ್ನೀರು ಇಳಿಯುತ್ತ ಹೋದಂತೆ ದಂಡೆಯಲ್ಲಿ ಹಸಿ ಹುಲ್ಲು ಮೇಲೇಳುತ್ತದೆ. ಸುತ್ತಲ ಕಾಡು ಒಣಗಿ ಕಡ್ಡಿಯಾದಾಗ ಇಲ್ಲಿ ಮಾತ್ರ ಹಸಿರು. ಏಪ್ರಿಲ್, ಮೇ ಬಂತೆಂದರೆ ನಾಗರಹೊಳೆ, ಬಂಡೀಪುರ, ವಯನಾಡುಗಳ ಆನೆಗಳು ಈ ದಂಡೆಗೆ ಸೇರುತ್ತವೆ.

ಮಚಾನಿನ ಮೇಲೆ ಬೆಳಗಿನಿಂದ ಕೂತು ಬೆನ್ನು ಹಿಡಿದಿದೆ. ಮಧ್ಯಾಹ್ನ ಮೂರರವರೆಗೆ ಬಂದದ್ದು ಜಿಂಕೆ ಹಿಂಡು, ಎರಡು ಕಾಡುಹಂದಿ, ನೀರ ಮೇಲೆ ತೇಲುವ ಒಂದು ಮೊಸಳೆಯ ಮೂಗು. ಬಿಸಿಲು ವಾಲಿದ ಮೇಲೆ ಕಾಡಿನ ಅಂಚು ಕಪ್ಪಾಗುತ್ತದೆ, ಆ ಕಪ್ಪು ಹುಲ್ಲಿನ ಮೇಲೆ ಇಳಿದು ಬರುತ್ತದೆ. ಮುಂದೆ ಒಂದು ದೊಡ್ಡ ಹೆಣ್ಣಾನೆ, ಎಡಗಿವಿಯ ಅಂಚು ಹರಿದಿದೆ. ಹಿಂದೆ ಸಾಲು.

ನಿಮಗೆ ಕಾಣುವುದು ಆನೆಗಳ ಗುಂಪು. ವಾಚರ್ ಅದನ್ನು ಓದುತ್ತಾರೆ. “ತಾಯಿ ಹೊಟ್ಟೆ ಕೆಳಗೆ ತೂರ್ತಾ ಐತಲ್ಲ, ಅದಕ್ಕೆ ವರ್ಸ ತುಂಬಿಲ್ಲ. ಅದ್ರ ಪಕ್ಕದ್ದು ಮೂರ್ನಾಕು ವರ್ಸ.” ಗಾರ್ಡ್ ಹಾಳೆಯ ಕಂಬಗಳಲ್ಲಿ ಗೆರೆ ಎಳೆಯುತ್ತಾನೆ: ಒಂದು ವರ್ಷದೊಳಗಿನ ಮರಿ, ಒಂದರಿಂದ ಐದು, ಐದರಿಂದ ಹದಿನೈದು, ಅದರ ಮೇಲೆ ಬೆಳೆದದ್ದು. ಹೆಣ್ಣು, ಗಂಡು. ಜೊತೆಗೇ ಕ್ಯಾಮೆರಾ ಕ್ಲಿಕ್ಕಿಸುತ್ತದೆ. ಹರಿದ ಕಿವಿ, ಬಾಲದ ತುದಿಯ ಕೂದಲು, ದಂತದ ಬಾಗು ಚಿತ್ರದಲ್ಲಿ ಉಳಿದರೆ, ಇದೇ ಹಿಂಡು ಸಂಜೆ ಇನ್ನೊಂದು ಮಚಾನಿನ ಮುಂದೆ ಹೋದರೂ ಎರಡು ಸಲ ಲೆಕ್ಕಕ್ಕೆ ಬೀಳುವುದಿಲ್ಲ.

ಹಿಂಡಿನಿಂದ ನೂರು ಮಾರು ದೂರದಲ್ಲಿ ಒಂಟಿಯಾಗಿ ಒಂದು ಬಂದು ನಿಲ್ಲುತ್ತದೆ. ದಂತ ಇಲ್ಲ. “ಹೆಣ್ಣಲ್ವೇನಣ್ಣ?” ಎಂದು ಗಾರ್ಡ್ ದುರ್ಬೀನು ಏರಿಸುತ್ತಾನೆ.

“ಮಖ್ನ ಅದು. ಹಣೆ ನೋಡಿ, ಸೊಂಡ್ಲು ಬುಡ ಎಷ್ಟು ದಪ್ಪ.”

ದಂತವಿಲ್ಲದ ಗಂಡು. ಇದನ್ನು ಹೆಣ್ಣಿನ ಕಂಬಕ್ಕೆ ಹಾಕಿದ್ದರೆ ಆಗುತ್ತಿದ್ದ ಕೆಡುಕು ಒಂದು ಗೆರೆಯದಲ್ಲ. ದಂತಕ್ಕಾಗಿ ಬೇಟೆ ಜೋರಾಗಿದ್ದ ದಶಕಗಳಲ್ಲಿ ದಕ್ಷಿಣದ ಕೆಲವು ಕಾಡುಗಳಲ್ಲಿ ಒಟ್ಟು ಸಂಖ್ಯೆ ನೋಡಿದರೆ ಆನೆಗಳು ಕ್ಷೇಮವೆಂದೇ ತೋರುತ್ತಿತ್ತು, ಬೆಳೆದ ಗಂಡುಗಳು ಮಾತ್ರ ಬೆರಳೆಣಿಕೆಗೆ ಇಳಿದಿದ್ದವು. ಎಷ್ಟಿವೆ ಎಂಬುದರ ಜೊತೆಗೆ ಎಂಥವಿವೆ ಎಂದು ತಿಳಿಯಲೆಂದೇ ಈ ಮೂರನೇ ದಿನ.

ಹಿಂಡು ತಿರುಗಿ ಕಾಡು ಸೇರಿದ ಮೇಲೆ ಕೆಳಗಿಳಿದು ದಂಡೆಯ ಕೆಸರಿಗೆ ಹೋಗುತ್ತೀರಿ. ಮಖ್ನದ ಮುಂಗಾಲಿನ ಹೆಜ್ಜೆ ಒಂದು ಪರಾತದಷ್ಟಿದೆ. ಅಂಗಾಲಿನ ಬಿರುಕುಗಳೂ ಮೂಡಿವೆ. ವಾಚರ್ ಅದರ ಸುತ್ತ ಹಗ್ಗ ಬಳಸಿ, ಟೇಪಿಗೆ ಹಿಡಿಯುತ್ತಾರೆ. ಒಂದು ಮೀಟರ್ ಮೂವತ್ತೈದು. ಮುಂಗಾಲಿನ ಸುತ್ತಳತೆಯ ಎರಡರಷ್ಟು ಆನೆಯ ಭುಜದೆತ್ತರ ಎಂಬುದು ಮಾವುತರ ಹಳೆಯ ಲೆಕ್ಕ, ವಿಜ್ಞಾನಿಗಳೂ ಅಳೆದು ಒಪ್ಪಿದ್ದಾರೆ. ಎರಡು ಮೀಟರ್ ಎಪ್ಪತ್ತು. ಪೂರ್ತಿ ಬೆಳೆದ ಗಂಡು.

*

ಮೂರು ದಿನದ ಹಾಳೆಗಳು ವಲಯ ಕಚೇರಿ, ವಿಭಾಗ ದಾಟಿ ಬೆಂಗಳೂರು ಸೇರುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರ ಮುಂದೆ ನಿಮ್ಮ ನಾಲ್ಕು ಆನೆ, ಪಕ್ಕದವರ ಸೊನ್ನೆ, ಎರಡು ಮೀಟರ್ ಮೂವತ್ತರ ಲದ್ದಿ, ದಂತವಿಲ್ಲದ ಗಂಡು ಎಲ್ಲ ಒಂದೊಂದು ಸಾಲಾಗಿ ಬೀಳುತ್ತವೆ. 2023ರ ಆಗಸ್ಟಿನಲ್ಲಿ ಫಲಿತಾಂಶ ಬಂತು. ಬ್ಲಾಕುಗಳಲ್ಲಿ ರಾಜ್ಯದಾದ್ಯಂತ ಕಣ್ಣಿಗೆ ಬಿದ್ದ ಆನೆಗಳು 2219. ಅಂದಾಜು 6395. ಬಂಡೀಪುರದಲ್ಲಿ 1116, ನಾಗರಹೊಳೆಯಲ್ಲಿ 831.

2017ರಲ್ಲಿ ರಾಜ್ಯದ ಲೆಕ್ಕ 6049 ಇತ್ತು. ಆರು ವರ್ಷದಲ್ಲಿ 346 ಆನೆ ಹೆಚ್ಚಿದವು ಎಂದು ಸುದ್ದಿಯಾಯಿತು. ಆದರೆ ವರದಿಯಲ್ಲಿ 6395ರ ಪಕ್ಕದಲ್ಲಿ ಇನ್ನೆರಡು ಅಂಕಿಗಳಿವೆ: ಕನಿಷ್ಠ 5914, ಗರಿಷ್ಠ 6877. ಸುತ್ತದೆ ಬಿಟ್ಟ ಬ್ಲಾಕುಗಳು, ಬ್ಲಾಕಿನಿಂದ ಬ್ಲಾಕಿಗೆ ಆನೆ ಹೆಚ್ಚುಕಡಿಮೆಯಾಗುವುದು ಎಲ್ಲ ಸೇರಿ ಆದ ಅನಿಶ್ಚಿತತೆಯ ಅಗಲ ಅದು, ಸುಮಾರು ಸಾವಿರ ಆನೆ. ಹಳೆಯ 6049 ಆ ಅಗಲದೊಳಗೇ ಕೂರುತ್ತದೆ. ಅಂದರೆ ಆನೆ ಹೆಚ್ಚಿರಬಹುದು, ಇದ್ದ ಹಾಗೇ ಇರಬಹುದು. ದೊಡ್ಡ ಇಳಿಕೆಯಂತೂ ಆಗಿಲ್ಲ. ಅಷ್ಟನ್ನು ಈ ಎಣಿಕೆ ಧೈರ್ಯವಾಗಿ ಹೇಳಬಲ್ಲದು.

2025ರ ಅಕ್ಟೋಬರಿನಲ್ಲಿ ಇನ್ನೊಂದು ಅಂಕಿ ಬಂತು. ಈ ಬಾರಿ ದೇಶದ ಆನೆ ಕಾಡುಗಳಿಂದ 21,056 ಲದ್ದಿ ಮಾದರಿ ತಂದು ಡಿಎನ್‌ಎ ತೆಗೆದಿದ್ದರು. ಹುಲಿಗೆ ಪಟ್ಟೆ ಹೇಗೋ ಆನೆಗೆ ಹಾಗೆ ಡಿಎನ್‌ಎ. 4065 ಬೇರೆ ಬೇರೆ ಆನೆಗಳು ಗುರುತಿಗೆ ಸಿಕ್ಕವು. ಯಾವುದು ಎಷ್ಟು ಸಲ ಮರುಕಳಿಸಿತು ಎಂಬುದರಿಂದ ದೇಶಕ್ಕೆ 22,446, ಕರ್ನಾಟಕಕ್ಕೆ 6013 ಎಂದು ಅಂದಾಜಾಯಿತು. ಎರಡು ವರ್ಷದಲ್ಲಿ 382 ಆನೆ ಮಾಯವಾದವೇ ಎಂದು ಗಾಬರಿಯಾಗುವ ಮೊದಲು ಹಳೆಯ ಅಗಲವನ್ನು ತೆಗೆದು ನೋಡಿ. 6013 ಕೂಡ 5914 ಮತ್ತು 6877ರ ನಡುವೆಯೇ ಇದೆ. ವಿಧಾನ ಬೇರೆಯಾದ್ದರಿಂದ ಒಂದರಿಂದ ಒಂದನ್ನು ಕಳೆಯಲು ಬರುವುದಿಲ್ಲ. ಆದರೆ ಕಾಲ್ನಡಿಗೆಯ ಎಣಿಕೆ ಮತ್ತು ಪ್ರಯೋಗಾಲಯದ ಎಣಿಕೆ ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಊರು ತಲುಪಿವೆ ಎಂಬ ಭರವಸೆ ಸಣ್ಣದಲ್ಲ.

ಕೊಡಗಿನ ಕಾಫಿ ತೋಟಕ್ಕೆ ಎಷ್ಟು ಆನೆ ಇಳಿಯಬಹುದು, ರೈಲು ಕಂಬಿಯ ತಡೆಬೇಲಿ ಎಲ್ಲಿ ಹಾಕಬೇಕು, ಎಲ್ಲಿ ಆನೆದಾರಿ ಬಿಡಬೇಕು ಎಂದು ತೀರ್ಮಾನಿಸುವ ಮೇಜಿನ ಮೇಲೆ ಬೇಕಿರುವುದು 5914ರಿಂದ 6877 ಎಂಬ ಇಡೀ ಸಾಲು. 6395 ಒಂದನ್ನೇ ಹಿಡಿದರೆ, ಮುಂದಿನ ಎಣಿಕೆಯಲ್ಲಿ ನೂರು ಕಡಿಮೆಯಾದಾಗ ಯಾರನ್ನೋ ಅಮಾನತು ಮಾಡಬೇಕೆನಿಸುತ್ತದೆ, ನೂರು ಹೆಚ್ಚಾದಾಗ ಯಾರೋ ಹಾರ ಹಾಕಿಸಿಕೊಳ್ಳುತ್ತಾರೆ. ಸರಿಸ್ಕಾದಲ್ಲಿ ಆದದ್ದೂ ಅದೇ: ಸಂಖ್ಯೆ ಬೀಳಬಾರದೆಂಬ ಹೆದರಿಕೆಗೆ ಕಾಗದದ ಹುಲಿಗಳು ಉಳಿದವು, ಕಾಡಿನವು ಹೋದವು. “ಕಂಡದ್ದು ನಾಕೇ” ಎಂದು ಹೇಳಿ, ಏಳಿರುವುದು ಗೊತ್ತಿದ್ದೂ ನಾಲ್ಕನ್ನೇ ಬರೆಸುವ ವಾಚರ್, ಸೊನ್ನೆಯನ್ನು ಸೊನ್ನೆ ಎಂದೇ ಒಪ್ಪಿಸುವ ಪಕ್ಕದ ತಂಡ ಇರುವವರೆಗೆ, ಉಳಿದ ಮೂರನ್ನು ಲೆಕ್ಕ ಹಾಕುವ ಕೆಲಸವನ್ನು ಗಣಿತಕ್ಕೆ ನೆಮ್ಮದಿಯಿಂದ ಬಿಡಬಹುದು.